ಇಪ್ಪತ್ತನಾಲ್ಕನೇ ನಂಬರಿನ ಹುಡುಗ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳು ಹೇಳಲಿಲ್ಲ. ಊರಲ್ಲಿ ಈಗ ಎರಡು ಪಕ್ಷವಾಗಿದೆ. ಲೋರ್ನಾ ನೋವಾಕ್, ಅಂದರೆ ನಾನು, ಅಪ್ಪಟ ಚಿನ್ನ ಅನ್ನುವವರು ಒಂದು ಕಡೆ, ಆ ಹೆಂಗಸಿಗೆ ತಲೆ ನೆಟ್ಟಗಿಲ್ಲ ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ನಮ್ಮ ಮನೆಗೇ ಬಂದು ನನ್ನ ಕಾಫಿಯನ್ನೇ ಕುಡಿದು ಹೋಗುತ್ತಾರೆ. ನೀನು ಯಾವ ಕಡೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನನಗೇ ಗೊತ್ತಿಲ್ಲ.

ಪ್ಲಮ್ ಫೋರ್ಕ್ ಹೈಸ್ಕೂಲಿನಲ್ಲಿ ನಾನು ಅಡುಗೆಯವಳು. ಸ್ಕೂಲ್ ಬಸ್ಸು ಓಡಿಸುವವಳೂ ನಾನೇ. ಫುಟ್‌ಬಾಲ್ ತಂಡದ ಅಂಗಿಗಳನ್ನು ಒಗೆಯುವವಳೂ ನಾನೇ. ಈ ಕೊನೆಯ ಕೆಲಸವನ್ನು ನನಗೆ ಯಾರೂ ಕೊಟ್ಟಿದ್ದಲ್ಲ. ಮುಂಚೆ ಒಗೆಯುತ್ತಿದ್ದ ಮುದುಕಿ ತೀರಿಕೊಂಡಳು, ಬುಟ್ಟಿ ನಮ್ಮ ಮನೆಗೆ ಬಂತು. ಇಡೀ ಊರಿಗೆ ಮುನ್ನೂರ ನಲವತ್ತು ಜನ ಇರುವ ಕಡೆ ಕೆಲಸಗಳು ಹೀಗೇ ಬಂದು ತಗಲಿಕೊಳ್ಳುತ್ತವೆ.

ನಮ್ಮ ಫುಟ್‌ಬಾಲ್ ಕಾಲಲ್ಲಿ ಒದೆಯುವುದಲ್ಲ, ಚೆಂಡನ್ನು ಅವುಚಿಕೊಂಡು ಎದುರಿನವರ ಗೆರೆ ದಾಟುವುದು, ದಾಟಲು ಓಡುವವನನ್ನು ಹಿಡಿದು ಕೆಡವುವುದು. ದೊಡ್ಡ ಊರುಗಳಲ್ಲಿ ಹನ್ನೊಂದು ಹುಡುಗರು ಆಡುವ ಆಟವನ್ನು ನಾವು ಎಂಟು ಜನರಲ್ಲಿ ಆಡುತ್ತೇವೆ. ಆ ಎಂಟು ಜನರನ್ನು ಹೊಂದಿಸುವುದೂ ಒಂದು ಹರಸಾಹಸ. ಈ ವರ್ಷ ತಂಡದಲ್ಲಿ ಹದಿಮೂರು ಹುಡುಗರಿದ್ದರು. ಅದರಲ್ಲಿ ಒಬ್ಬನಿಗೆ ಉಬ್ಬಸ, ಇನ್ನೊಬ್ಬನಿಗೆ ಚೆಂಡು ಕಂಡರೆ ಹೆದರಿಕೆ. ಅಂಗಿಗಳು ಹನ್ನೊಂದು ವರ್ಷ ಹಳೆಯವು. ಶುಕ್ರವಾರ ಸಂಜೆ ಆಟಕ್ಕೆ ಮುಂಚೆ ನಾನು ಬುಟ್ಟಿಯನ್ನು ತಂದು ಬೆಂಚಿನ ಮೇಲೆ ಸುರಿದರೆ, ಯಾರಿಗೆ ಯಾವುದು ಮೈಗೆ ಹಿಡಿಸುತ್ತದೋ ಅದನ್ನು ಎಳೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬರು ಬರೆದಿದೆ, ನಿಜ. ಆ ಪಟ್ಟಿಯನ್ನು ತಿಂಡಿ ಮಾರುವ ಕಿಟಕಿಯ ಪಕ್ಕ ಅಂಟಿಸಿಯೂ ಇದೆ. ಅದನ್ನು ಓದುವವರು ಯಾರು? ಹುಟ್ಟಿದಾಗಿನಿಂದ ನೋಡಿದ ಹುಡುಗರನ್ನು ಗುರುತು ಹಿಡಿಯಲು ನಂಬರು ಬೇಕೇ? ಒಬ್ಬ ಬಾತುಕೋಳಿಯ ಹಾಗೆ ನಡೆಯುತ್ತಾನೆ, ಇನ್ನೊಬ್ಬ ಓಡುವಾಗ ಎಡಗೈ ಬೀಸುವುದೇ ಇಲ್ಲ. ನಾನು ಅಂತೂ ಕತ್ತಲೆಯಲ್ಲಿ ಹೆಜ್ಜೆ ಸಪ್ಪಳ ಕೇಳಿಯೇ ಯಾವ ಮಗು ಬಸ್ಸು ಹತ್ತಿತು ಎಂದು ಹೇಳುತ್ತೇನೆ. ಊರಿಗೆಲ್ಲ ಇದು ಗೊತ್ತು. ನನಗೂ ಅದರ ಜಂಬವಿತ್ತು. ಇತ್ತು ಅಂದೆ, ಗಮನಿಸಿ.

ನನ್ನ ಮಗ ಡಾಲ್ಟನ್‌ಗೆ ಹದಿನೇಳು ವರ್ಷ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ರೋಗ ನನಗಿಲ್ಲ. ಹೆಗ್ಗಣವನ್ನು ಹೆಗ್ಗಣ ಎಂದೇ ಕರೆಯುತ್ತೇನೆ. ಬೇಲಿ ಹಾಕೋ ಎಂದರೆ ಆರು ಗೂಟ ನೆಟ್ಟು ಏಳನೆಯದಕ್ಕೆ ಒರಗಿಕೊಂಡು ನಿಲ್ಲುವ ಹುಡುಗ ಅವನು. ಅವನಪ್ಪ ಮೈಲೋನೂ ಹೀಗೇ. ಮೈಲೋ ಒಂದು ಕಾಲದಲ್ಲಿ ಫುಟ್‌ಬಾಲ್ ಆಡಲು ಕಾಲೇಜಿಗೆ ಹೋದವನು, ಆರೇ ವಾರಕ್ಕೆ ಪೆಟ್ಟಿಗೆ ಹಿಡಿದು ವಾಪಸು ಬಂದ. ಯಾಕೆ ಬಂದೆ ಎಂದು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, "ಸೆಟ್ ಆಗ್ಲಿಲ್ಲ ಕಣೇ" ಎಂಬ ಮಾತಿನ ಹೊರತು ಇನ್ನೊಂದು ಬಂದಿಲ್ಲ.

ಡಾಲ್ಟನ್ ಮೈದಾನದಲ್ಲಿ ದಾರಿ ತೆರೆದಿದ್ದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಚೆನ್ನಾಗಿ ಓಡುತ್ತಿದ್ದ. ಆಟ ಸೋಲುವ ಹಾಗಾದರೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ನನ್ನ ಕಣ್ಣಿಗೆ ಅವನು ಕಂಡಿದ್ದು ಹೀಗೆ.

ಅದೇ ತಂಡದ ಎಲಿಯಾಸ್ ರೊಡಾರ್ಟೆ ಬೇರೆಯೇ ಥರದ ಹುಡುಗ. ಅವನಪ್ಪ ದನದ ಕೊಟ್ಟಿಗೆಗಳಲ್ಲಿ ಕೆಲಸಕ್ಕಿದ್ದಾನೆ. ಎಲಿಯಾಸ್ ಬೆಳಿಗ್ಗೆ ಐದಕ್ಕೆ ಎದ್ದು ಅಪ್ಪನ ಜೊತೆ ಹೋಗಿ, ಆಮೇಲೆ ನನ್ನ ಬಸ್ಸು ಹತ್ತುತ್ತಿದ್ದ. ನನಗೆ ಆ ಹುಡುಗನೆಂದರೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಇಬ್ಬರೂ ಒಂದೇ ಎತ್ತರ, ಒಂದೇ ಗಾತ್ರ. ಹೆಲ್ಮೆಟ್ ತೆಗೆದರೆ ಎಲಿಯಾಸನದು ಕಪ್ಪು ತಲೆ, ಡಾಲ್ಟನ್‌ದು ಕೆಂಚು ತಲೆ. ಹಾಕಿಕೊಂಡರೆ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುತ್ತಿದ್ದರು.

ಡಾಲ್ಟನ್‌ಗೆ ಕಾಲೇಜಿನಲ್ಲಿ ಆಡಬೇಕೆಂಬ ಹುಚ್ಚು. ಫುಟ್‌ಬಾಲ್ ಕರೆದುಕೊಂಡು ಹೋದರೆ ಮಾತ್ರ ಅವನಿಗೆ ಕಾಲೇಜು, ಇಲ್ಲದಿದ್ದರೆ ಅಪ್ಪನ ಲಾರಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಹೋದ ಬೇಸಿಗೆಯಿಂದ ಮೂವತ್ತೊಂದು ಕಾಲೇಜುಗಳಿಗೆ ಪತ್ರ ಬರೆದಿದ್ದ. ಕಂಪ್ಯೂಟರ್ ಕಲಿಸುವ ಮಿಸ್ ಆಮಂಡ್ಸನ್ ನಮ್ಮ ಎಲ್ಲ ಆಟಗಳನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತಾಳೆ. ಅವಳು ಪಾಪ ಈ ಊರಿಗೆ ಬಂದು ಎರಡು ತಿಂಗಳಾಗಿತ್ತು, ಪಟ್ಟಿಯನ್ನು ಓದುವವಳು ಅವಳೊಬ್ಬಳೇ. ಡಾಲ್ಟನ್ ನೋವಾಕ್, ಇಪ್ಪತ್ತನಾಲ್ಕು ಎಂದಿದ್ದುದನ್ನು ನೋಡಿ, ಇಪ್ಪತ್ತನಾಲ್ಕು ಕಂಡಲ್ಲೆಲ್ಲ ಕತ್ತರಿಸಿ ಒಂದು ವಿಡಿಯೋ ಮಾಡಿಕೊಟ್ಟಿದ್ದಳು. ಆಮೇಲಿನ ಪತ್ರಗಳ ಜೊತೆ ಅದು ಹೋಗುತ್ತಿತ್ತು.

ಉತ್ತರ ಮಾತ್ರ ಬರುತ್ತಿರಲಿಲ್ಲ. ನಮ್ಮ ಹುಡುಗರನ್ನು ನೋಡಲು ಯಾರು ಬರುತ್ತಾರೆ? ಕಾಲೇಜಿನವರು ಒಮಾಹಾದಂಥ ದೊಡ್ಡ ಊರಿಗೆ ಹೋದರೆ ಒಂದೇ ಸಂಜೆಗೆ ನಲವತ್ತು ಹುಡುಗರನ್ನು ನೋಡಬಹುದು. ಮೇಲಾಗಿ, ಎಂಟು ಜನರ ಆಟದಲ್ಲಿ ಕತ್ತೆಯೂ ಕುದುರೆಯಂತೆ ಕಾಣುತ್ತದೆ ಎಂಬ ತಾತ್ಸಾರ ಬೇರೆ.

ಅಕ್ಟೋಬರ್ ಮೂರನೇ ವಾರ ಬೆಲ್‌ಫೋರ್ಡ್ ಕಾಲೇಜಿನಿಂದ ಪತ್ರ ಬಂತು. ಅವರ ತಂಡದಲ್ಲಿ ಒಂದು ಜಾಗ ಉಳಿದಿದೆ, ನಾಲ್ಕು ವರ್ಷದ ಓದು ಪೂರ್ತಿ ಅವರದೇ ಖರ್ಚು, ಕೋಚ್ ಹೋಲ್ಕಂಬ್ ಶುಕ್ರವಾರ ಖುದ್ದಾಗಿ ನೋಡಲು ಬರುತ್ತಾರೆ. ಡಾಲ್ಟನ್ ಅದನ್ನು ಓದಿ ಫ್ರಿಜ್ಜಿನ ಮೇಲೆ ಅಂಟಿಸಿದ. ಹೋಗಿ ಯಾರೂ ಹೇಳದೆ ಅಪ್ಪನ ಲಾರಿ ತೊಳೆದ. ಅದೂ ಪೂರ್ತಿ, ನಾಲ್ಕೂ ಕಡೆ. ನನಗೆ ಗಾಬರಿಯೇ ಆಯಿತು.

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಯಾವತ್ತಿನಂತೆ ಮಾಂಸ, ಕಾಳು ಹಾಕಿದ ಖಾರದ ಚಿಲಿ ಮತ್ತು ಸಿಹಿಯಾದ ದಾಲ್ಚಿನ್ನಿ ರೋಲು ಮಾಡಿದ್ದೆ. ಹೋಲ್ಕಂಬ್ ನಮ್ಮ ಕೋಚ್ ಸ್ಟಾಸ್ನಿಯವರ ಜೊತೆ ಊಟದ ಹಾಲಿಗೇ ಬಂದರು. ಸ್ಟಾಸ್ನಿಯವರಿಗೆ ಅರವತ್ತೆಂಟು, ಮರಗೆಲಸದ ಮೇಷ್ಟ್ರು, ಮೊಬೈಲು ಕೊಟ್ಟರೆ ತಲೆಕೆಳಗಾಗಿ ಹಿಡಿಯುವವರು. ಹೋಲ್ಕಂಬ್ ದೊಡ್ಡ ಆಳು. ತಟ್ಟೆ ಹಿಡಿದು ನನ್ನ ಎದುರು ನಿಂತರು.

"ಘಮ ಅಂದ್ರೆ ಇದು. ನೀವೇನಾ ಡಾಲ್ಟನ್ ಅಮ್ಮ?"

"ಹೌದು. ಯಾಕೆ, ಆಗ್ಲೇ ಏನಾದ್ರೂ ಕಿತಾಪತಿ ಮಾಡಿದ್ನಾ?"

ಅವರು ನಕ್ಕರು. "ಕಿತಾಪತಿ ಅಲ್ಲ ಮೇಡಂ. ನಾಲ್ಕು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ, ಯಾಕೆ ಗೊತ್ತಾ? ಇಲ್ಲಿ ನೋಡಿ."

ಮೊಬೈಲನ್ನು ಚಿಲಿ ಪಾತ್ರೆಯ ಪಕ್ಕ ಹಿಡಿದು ಹೇಳತೊಡಗಿದರು. "ಚೆಂಡು ಹಿಡ್ಕೊಂಡು ಓಡೋದು ಬೇಕಾದಷ್ಟು ಕಳ್ಸಿದಾನೆ, ಅದು ಬಿಡಿ. ಚೆಂಡು ಸಿಕ್ರೆ ಎಲ್ರೂ ಓಡ್ತಾರೆ. ಇದು ನೋಡಿ. ಆಟದಲ್ಲಿ ಇನ್ನು ಎರಡು ನಿಮಿಷ ಇದೆ. ಮೂವತ್ತೆರಡು ಪಾಯಿಂಟ್ ಹಿಂದೆ ಇದೀರ. ಎದುರಿನವನು ಚೆಂಡು ಕಿತ್ಕೊಂಡು ಓಡ್ತಾ ಇದಾನೆ. ನಿಮ್ಮೋರು ಏಳು ಜನ ನಿಂತೇಬಿಟ್ರು. ಇವನೊಬ್ಬ, ಇಪ್ಪತ್ತನಾಲ್ಕು, ಆ ಮೂಲೆಯಿಂದ ಅಟ್ಟಿಸ್ಕೊಂಡು ಬರ್ತಾನೆ ನೋಡಿ. ಅರವತ್ತು ಗಜ! ಗೆರೆ ಇನ್ನು ಮೂರು ಗಜ ಇರೋವಾಗ ಹಿಡಿದು ಕೆಡವ್ತಾನೆ. ಏನು ಲಾಭ ಹೇಳಿ? ಏನೂ ಇಲ್ಲ. ಸೋತಾಗಿದೆ. ಆದ್ರೂ ಓಡ್ದ. ನಂಗೆ ಈ ಹುಡುಗ ಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹೊತ್ತಿನಲ್ಲಿ ಸುಮ್ಮನೆ ಚಿಲಿ ಬಡಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನನ್ನ ಹಾಳು ಬಾಯಿ!

"ಅಯ್ಯೋ, ಆಲ್ಡರ್‌ಟನ್ ಊರಿನೋರ ಮೇಲೆ ಆಡಿದ್ದಲ್ವಾ ಅದು!" ಎಂದು ನಕ್ಕೆ. "ಆವತ್ತು ಯಾರ ಅಂಗಿ ಯಾರ ಮೈಮೇಲಿತ್ತೋ ಆ ದೇವರಿಗೇ ಗೊತ್ತು. ಆಲಿಕಲ್ಲು ಮಳೆ. ಅರ್ಧ ಆಟ ಆಗೋ ಹೊತ್ತಿಗೆ ಎಲ್ಲಾ ತೊಪ್ಪೆ. ನಾನೇ ಬಸ್ಸಿನ ಹೀಟರ್ ಮೇಲೆ ಹಾಕಿ ಒಣಗ್ಸಿದ್ದು. ಕೈಗೆ ಸಿಕ್ಕಿದ್ದು ಎಳ್ಕೊಂಡು ಓಡಿದ್ವು ಮುಂಡೇವು."

ಸ್ಟಾಸ್ನಿ ಜೋರಾಗಿ ಕೆಮ್ಮಿದರು. ಆ ಕೆಮ್ಮು ಯಾಕೆಂದು ನನಗೆ ಹೊಳೆಯಲಿಲ್ಲ. ಹೋಲ್ಕಂಬ್ ಮುಖದ ಮೇಲಿನ ನಗು ನಿಂತಾಗ ಹೊಳೆಯಿತು.

"ಅಂದ್ರೆ, ಇವನು ಡಾಲ್ಟನ್ ಅಲ್ವಾ?"

"ಪಟ್ಟಿ ಪ್ರಕಾರ ಡಾಲ್ಟನ್ನೇ," ಎಂದರು ಸ್ಟಾಸ್ನಿ.

"ಪಟ್ಟಿ ಪ್ರಕಾರ ಬೇಡ ಕೋಚ್. ಯಾರು ಓಡಿದ್ದು ಹೇಳಿ."

ಸ್ಟಾಸ್ನಿ ಮೊಬೈಲನ್ನು ತೆಗೆದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ಹಣೆಗೇರಿಸಿದರು. "ಡಾಲ್ಟನ್ ಇರ್ಬೇಕು. ಇಲ್ಲಾ ಎಲಿಯಾಸ್. ಇಬ್ರಿಗೆ ಮಾತ್ರ ಆ ಅಂಗಿ ಹಿಡ್ಸೋದು." ಆಮೇಲೆ ಆ ಮನುಷ್ಯ ಮೊಬೈಲನ್ನು ನನ್ನ ಕೈಗೇ ಇಟ್ಟುಬಿಟ್ಟರು. "ಲೋರ್ನಾನ ಕೇಳಿ. ಊರಿನ ಪ್ರತಿ ಹುಡುಗನ ಕಾಲೂ ಇವಳಿಗೆ ಬಾಯಿಪಾಠ. ಇವಳು ಹೇಳಿದ್ರೆ ಮುಗೀತು."

ಕೈ ಒರೆಸಿಕೊಂಡು ನೋಡಿದೆ. ಹುಡುಗ ಬೆನ್ನು ತೋರಿಸಿ ಓಡುತ್ತಿದ್ದ. ಕೆಸರು, ಹೆಲ್ಮೆಟ್, ಬೆನ್ನ ಮೇಲೆ ಇಪ್ಪತ್ತನಾಲ್ಕು. ಅದೇನು ಓಟ! ಮೈಯಲ್ಲಿ ಇರುವುದನ್ನೆಲ್ಲ ಚೆಲ್ಲಿಕೊಂಡು ಓಡುತ್ತಿದ್ದ. ಡಾಲ್ಟನ್ ಆಗಿರಲಪ್ಪಾ ಎಂದುಕೊಂಡೆ, ಸುಳ್ಳೇಕೆ. ಆದರೆ ನನ್ನ ಮಗ ಹೀಗೆ ಓಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಎಲಿಯಾಸ್ ಓಡುತ್ತಾನೆ ಹೀಗೆ.

ಇನ್ನೊಂದು ಸಲ ಹಾಕಿ ಎಂದೆ. ಎರಡನೇ ಸಲ ನೋಡುವಾಗ ಗದ್ದಲದ ನಡುವೆ ಒಂದು ಹೆಂಗಸಿನ ಕೂಗು ಕೇಳಿಸಿತು. "ಓಡೋ ಎಲಿಯಾಸ್! ಬಿಡ್ಬೇಡ ಅವನ್ನ!" ಅದು ನನ್ನದೇ ಗಂಟಲು. ಆವತ್ತು ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ್ದೆ, ಈಗ ನೆನಪಾಯಿತು.

ಅಷ್ಟರಲ್ಲಿ, ಸಾಲಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಡಾಲ್ಟನ್ ತಟ್ಟೆ ಹಿಡಿದು ಅಲ್ಲಿಗೆ ಬಂದ. ಅವತ್ತು ತಲೆ ಬಾಚಿಕೊಂಡಿದ್ದ, ಅಪ್ಪನ ಒಳ್ಳೆಯ ಶರ್ಟು ಹಾಕಿಕೊಂಡಿದ್ದ. ಹೋಲ್ಕಂಬ್ ಅವನಿಗೂ ಮೊಬೈಲು ತೋರಿಸಿದರು.

"ಏನಪ್ಪಾ, ಇದು ನೀನೇನಾ? ಅಂಗಿ ಅದಲು ಬದಲು ಆಗಿತ್ತಂತೆ ಅವತ್ತು. ನಿಮ್ಮಮ್ಮ ಹೇಳ್ತಾ ಇದಾರೆ."

ಡಾಲ್ಟನ್ ಮೊಬೈಲನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅವನ ಕಿವಿ ಕೆಂಪಾಗಿತ್ತು.

"ಅಮ್ಮಂಗೆ ಗೊತ್ತಿರತ್ತೆ," ಎಂದ. "ಅವಳನ್ನೇ ಕೇಳಿ."

ನನಗೆ ಸಿಟ್ಟು ಬಂತು. ನೋಡಿ, ಇಲ್ಲೂ ಹಾಗೇ! ತನ್ನ ಬದುಕಿನ ಪ್ರಶ್ನೆ ಕೇಳುತ್ತಿದ್ದಾರೆ, ಅದನ್ನೂ ಅಮ್ಮನ ತಲೆಗೆ ಕಟ್ಟಿ ಗೂಟಕ್ಕೆ ಒರಗಿ ನಿಂತಿದ್ದಾನೆ ಎನ್ನಿಸಿತು. ತಾನಾಗಿದ್ದರೆ ನಾನೇ ಅನ್ನುತ್ತಿರಲಿಲ್ಲವೇ? ಅನ್ನಲಿಲ್ಲ ಎಂದರೆ ಅವನಲ್ಲ. ಹಾಗಂತ ನನ್ನೆದುರಿಗೆ ಅಲ್ಲ ಎನ್ನಲೂ ಧೈರ್ಯವಿಲ್ಲ. ಹೀಗೆ ಹೋಯಿತು ನನ್ನ ತಲೆ.

ಮೂರನೇ ಸಲ ನೋಡಿದೆ. ಹಾಲಿನಲ್ಲಿ ಎಲ್ಲರೂ ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅತ್ತ ದರಿ ಇತ್ತ ಪುಲಿ. ನನ್ನ ಮಗ ಎಂದರೆ ಅವನಿಗೆ ಕಾಲೇಜು ಸಿಗುತ್ತದೆ, ಆದರೆ ಒಬ್ಬ ಹುಡುಗನ ಓಟವನ್ನು ಕದ್ದು ಮಗನಿಗೆ ಕೊಟ್ಟ ತಾಯಿ ನಾನಾಗುತ್ತೇನೆ. ಎಲಿಯಾಸ್ ಎಂದರೆ ನನ್ನ ಮಗನ ಬಾಯಿಗೆ ಬಂದ ತುತ್ತನ್ನು ನಾನೇ ಕಿತ್ತುಕೊಂಡ ಹಾಗೆ. ನನ್ನ ಕಣ್ಣು ಎಲಿಯಾಸ್ ಅನ್ನುತ್ತಿದೆಯೋ, ಇಲ್ಲ ಜನ ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ ಎಲಿಯಾಸ್ ಅನ್ನುತ್ತಿದೆಯೋ, ಅದೂ ಗೊತ್ತಾಗಲಿಲ್ಲ. ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ಕೊನೆಗೆ ಆ ಕೂಗನ್ನು ಹಿಡಿದುಕೊಂಡೆ. ಕಣ್ಣು ಮೋಸ ಮಾಡಬಹುದು, ಆವತ್ತು ಆ ಕ್ಷಣದಲ್ಲಿ ಯಾವ ಲಾಭ ನಷ್ಟವೂ ಇಲ್ಲದೆ ಕೂಗಿದ್ದೇನಲ್ಲ, ಅದು ಸುಳ್ಳಾಗುವುದು ಹೇಗೆ?

"ಎಲಿಯಾಸ್," ಎಂದೆ. "ಎಲಿಯಾಸ್ ರೊಡಾರ್ಟೆ. ಕೇಳಿಸ್ಕೊಳ್ಳಿ, ಅವನ ಹೆಸರು ಕೂಗ್ತಿರೋದು ನಾನೇ. ಅವತ್ತು ಕಣ್ಣಾರೆ ನೋಡಿ ಕೂಗಿದ್ದು."

ಹೋಲ್ಕಂಬ್ ವಿಡಿಯೋ ನಿಲ್ಲಿಸಿದರು. "ನಿಮ್ಮ ಮಗನ ವಿಷಯ ಇದು. ಗೊತ್ತಲ್ವಾ ಮೇಡಂ?"

"ಗೊತ್ತು."

ಎಲಿಯಾಸನನ್ನು ಕರೆಸಿದರು. ಆ ಹುಡುಗ ವಿಡಿಯೋ ನೋಡಿ ತಲೆ ಕೆರೆದುಕೊಂಡ. "ಅವತ್ತು ಮಂಡೆಗೆ ಪೆಟ್ಟು ಬಿದ್ದಿತ್ತು ಸಾರ್, ಸರಿಯಾಗಿ ನೆನಪಿಲ್ಲ. ನಾನು ಓಡ್ತಾನೇ ಇರ್ತೀನಿ. ನಾನೇ ಇರ್ಬಹುದು. ಮಿಸೆಸ್ ನೋವಾಕ್ ಹೇಳ್ತಾರೆ ಅಂದ್ರೆ ನಾನೇ ಬಿಡಿ." ಎಂದು ಡಾಲ್ಟನ್ ಕಡೆ ತಿರುಗಿದ. "ಅಲ್ವೇನೋ?"

ಡಾಲ್ಟನ್ ತಟ್ಟೆಯನ್ನು ಮೇಜಿನ ಮೇಲಿಟ್ಟ. "ಅಮ್ಮ ಹೇಳಿದ್ಮೇಲೆ ಇನ್ನೇನು," ಎಂದು ಹೇಳಿ ಹೊರಗೆ ಹೋದ. ದಾಲ್ಚಿನ್ನಿ ರೋಲನ್ನು ಮುಟ್ಟಿರಲಿಲ್ಲ.

ಸಂಜೆಯ ಆಟದಲ್ಲಿ ಹೋಲ್ಕಂಬ್ ಎಲಿಯಾಸನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಹುಡುಗ ಅದ್ಭುತವಾಗಿ ಆಡಿದ, ಮೂರು ಸಲ ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ಕೆಡವಿದ. ಡಾಲ್ಟನ್ ಹೇಗೆ ಆಡಿದ ಎಂದು ಕೇಳಿದರೆ ಹೇಳಲಾರೆ. ನಾನೂ ಎಲಿಯಾಸನನ್ನೇ ನೋಡುತ್ತಿದ್ದೆ. ನಾನು ಹೇಳಿದ್ದು ಸರಿ ಎಂದು ಪ್ರತಿ ಓಟದಲ್ಲೂ ನನಗೆ ನಾನೇ ಸಾಬೀತು ಮಾಡಿಕೊಳ್ಳುತ್ತಿದ್ದೆ. ಆಟ ಮುಗಿದ ಮೇಲೆ ಹೋಲ್ಕಂಬ್ ಮೈದಾನದಲ್ಲೇ ಎಲಿಯಾಸನ ಕೈ ಕುಲುಕಿ ಜಾಗ ನಿನ್ನದು ಎಂದರು. ಅವನಪ್ಪ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಅಳುತ್ತಿದ್ದ. ಜನ ಬಂದು ನನ್ನ ಬೆನ್ನು ತಟ್ಟಿದರು. ಸ್ಟಾಸ್ನಿ ಮಾತ್ರ, "ನಾನು ಕೆಮ್ಮಿದ್ದು ಕೇಳ್ಸಿಲ್ವಾ ನಿಂಗೆ?" ಎಂದು ಹೇಳಿ ಹೋದರು.

ಶನಿವಾರ ಬೆಳಿಗ್ಗೆ ಎಲಿಯಾಸನ ತಾಯಿ ಇನ್ನೂ ಬಿಸಿಯಾಗಿದ್ದ, ಮೆಕ್ಕೆಜೋಳದ ಹಿಟ್ಟಿನ ತಮಾಲೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ನನ್ನ ಎರಡೂ ಕೈ ಹಿಡಿದು, "ನಿಮ್ಮಂಥೋರು ಇರಲ್ಲ," ಎಂದಳು. ಅವಳು ಹೋದ ಮೇಲೆ ನಿಂತುಕೊಂಡೇ ಎರಡು ತಿಂದೆ. ಚೆನ್ನಾಗಿದ್ದವು. ಒಂದು ಥರದ ಹೆಮ್ಮೆಯೂ ಆಗುತ್ತಿತ್ತು, ಡಾಲ್ಟನ್ ಮಲಗಿದ್ದ ಕೋಣೆಯ ಬಾಗಿಲ ಕಡೆ ನೋಡಲೂ ಆಗುತ್ತಿರಲಿಲ್ಲ.

ಡಾಲ್ಟನ್ ಹತ್ತು ಗಂಟೆಗೆ ಎದ್ದು ಬಂದ. ನಾನು ಒಗೆಯುವ ಯಂತ್ರಕ್ಕೆ ಅಂಗಿ ತುಂಬುತ್ತಿದ್ದೆ. ಅವನನ್ನು ಸಮಾಧಾನ ಮಾಡಬೇಕೆಂದಿತ್ತು. ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಬೈಯುವುದಕ್ಕೆ ಬರುತ್ತದೆ.

"ಹೋಗ್ಲಿ ಬಿಡು," ಎಂದೆ. "ನೀನು ಒಂದು ಒಳ್ಳೆ ಕೆಲ್ಸ ಮಾಡ್ದೆ. ಸುಳ್ಳು ಹೇಳಿ ಇನ್ನೊಬ್ಬನ ಓಟನ ನಿಂದು ಅಂತ ಅನ್ಲಿಲ್ಲ. ಇಷ್ಟಕ್ಕೂ, ಸೋಲೋ ಆಟದಲ್ಲಿ ನೀನು ಅಷ್ಟು ಓಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಅವನು ಜೇಬಿನಿಂದ ಮೊಬೈಲು ತೆಗೆದು, ಏನನ್ನೋ ಹುಡುಕಿ, ಒಗೆಯುವ ಯಂತ್ರದ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟ.

ಅದೇ ಆಟ, ಆಲ್ಡರ್‌ಟನ್. ಆದರೆ ಇದು ಮಿಸ್ ಆಮಂಡ್ಸನ್ ಕತ್ತರಿಸಿದ ತುಂಡಲ್ಲ, ಪೂರ್ತಿ ಇತ್ತು. ಹುಡುಗ ಓಡಿದ. ನಾನು ಕೂಗಿದೆ. ಕೆಡವಿದ. ಅಲ್ಲಿಗೆ ಹೋಲ್ಕಂಬ್ ತೋರಿಸಿದ್ದು ಮುಗಿದಿತ್ತು, ಇಲ್ಲಿ ಮುಗಿಯಲಿಲ್ಲ. ಇಪ್ಪತ್ತನಾಲ್ಕನೇ ನಂಬರಿನ ಹುಡುಗ ಮೊಣಕಾಲೂರಿ ಎದ್ದ. ಬಾಯಿಗೆ ಹೋಗಿದ್ದ ಕೆಸರನ್ನು ಉಗುಳಿದ. ಕುಂಟುತ್ತ ಗೆರೆಯ ಹತ್ತಿರ ಬಂದು ಹೆಲ್ಮೆಟ್ ತೆಗೆದ. ಕೆಂಚು ತಲೆ.

ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮಗ ಬಸ್ಸಿನ ಕಡೆ ನೋಡುತ್ತಿದ್ದ. ಬಸ್ಸಿನ ಬಾಗಿಲಲ್ಲಿದ್ದದ್ದು ನಾನು. ಆದರೆ ನನ್ನ ಧ್ವನಿ ಬೇರೆ ಯಾರಿಗೋ ಹೇಳುತ್ತಿತ್ತು, "ಶಭಾಷ್ ಎಲಿಯಾಸ್! ಶಭಾಷ್ ಕಣೋ!" ಎಂದು. ಆಮೇಲೆ ಬಸ್ಸಿನ ಬಾಗಿಲು ಮುಚ್ಚಿದ ಸದ್ದು. ಅವನು ಹೆಲ್ಮೆಟ್ ತೆಗೆದದ್ದನ್ನೂ ನೋಡದೆ ಚಳಿಯೆಂದು ಒಳಗೆ ಹೋಗಿದ್ದೆ.

"ನಾನೇ ಅದು," ಎಂದ ಡಾಲ್ಟನ್. "ನೀನು ಅವನ ಹೆಸರು ಕೂಗ್ತಿದ್ದೆ. ಓಡ್ತಾ ಇದ್ದಿದ್ದು ನಾನು."

ನನ್ನ ಕೈಯಲ್ಲಿದ್ದ ಅಂಗಿ ಕೆಳಗೆ ಬಿತ್ತು. ಏನು ಮಾತಾಡಿದೆನೋ ನೆನಪಿಲ್ಲ. ಅವನ ಮೊಬೈಲನ್ನು ಕಿತ್ತುಕೊಂಡು ಅಡುಗೆಮನೆಗೆ ಓಡಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪತ್ರದಲ್ಲಿನ ನಂಬರಿಗೆ ಫೋನು ಮಾಡಿದೆ.

ಹೋಲ್ಕಂಬ್ ತಾಳ್ಮೆಯಿಂದ ಕೇಳಿಸಿಕೊಂಡರು. ಕೂದಲು, ಕೆಸರು, ಬಸ್ಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಮೇಡಂ, ನಿನ್ನೆ ಎಲಿಯಾಸ್ ಅಂದ್ರಿ. ಇವತ್ತು ಡಾಲ್ಟನ್ ಅಂತೀರ."

"ವಿಡಿಯೋ ಕಳಿಸ್ತೀನಿ, ನೀವೇ ನೋಡಿ. ನಂಗೆ ತಪ್ಪಾಯ್ತು. ನನ್ನ ಕಣ್ಣಿಂದ ತಪ್ಪಾಯ್ತು, ಹುಡುಗನದೇನಿಲ್ಲ."

"ಕಳ್ಸಿ, ನೋಡ್ತೀನಿ. ನಿಮ್ಮ ಮಾತು ನಂಬ್ತೀನಿ ಕೂಡ. ಆದ್ರೆ ಎಲಿಯಾಸ್‌ಗೆ ಮಾತು ಕೊಟ್ಟಾಗಿದೆ. ಆ ಹುಡುಗನ ಓಟ ನಿನ್ನೆ ನನ್ನ ಕಣ್ಣಲ್ಲೇ ನೋಡ್ದೆ, ಅವನೂ ಒಳ್ಳೆ ಆಟಗಾರನೇ. ಕೊಟ್ಟ ಮಾತು ವಾಪಸ್ ತಗೋ ಅಂತ ನೀವು ಹೇಳ್ತೀರಾ?"

ಹೌದು ಎನ್ನಬೇಕೆಂದು ಬಾಯಿ ತೆರೆದೆ. ಮೇಜಿನ ಮೇಲೆ ತಮಾಲೆಯ ಬಟ್ಟೆ ಇತ್ತು. ಹೌದು ಎನ್ನಲು ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.

"ಇರೋದು ಒಂದೇ ಜಾಗ ಮೇಡಂ," ಎಂದರು ಅವರು. "ಬೇರೆ ಕಾಲೇಜಿನೋರು ಯಾರಾದ್ರೂ ಕೇಳಿದ್ರೆ ಡಾಲ್ಟನ್ ಹೆಸರು ಹೇಳ್ತೀನಿ. ಭರವಸೆ ಕೊಡಕ್ಕಾಗಲ್ಲ." ಫೋನು ಇಡುವ ಮುಂಚೆ ಇನ್ನೊಂದು ಮಾತು ಹೇಳಿದರು. "ಬೇಜಾರು ಏನು ಗೊತ್ತಾ? ನಾನು ಹೊರಟಾಗ ಅವನ ಹೆಸರೇ ಬರ್ಕೊಂಡು ಬಂದಿದ್ದೆ. ಬೇರೆ ಯಾರನ್ನೂ ನೋಡೋಕೆ ಬಂದಿರ್ಲಿಲ್ಲ."

ಹಿಂತಿರುಗಿ ಬಂದಾಗ ಡಾಲ್ಟನ್ ಕೆಳಗೆ ಬಿದ್ದಿದ್ದ ಅಂಗಿಯನ್ನೂ ಉಳಿದವನ್ನೂ ಯಂತ್ರಕ್ಕೆ ತುಂಬಿ ಮುಗಿಸಿದ್ದ. ಸೋಪಿನ ಪುಡಿಯನ್ನೂ ಹಾಕಿ, ಚಾಲು ಮಾಡಿದ್ದ. ಫೋನಿನಲ್ಲಿ ಏನಾಯಿತು ಎಂದು ಕೇಳಲಿಲ್ಲ. ನನ್ನ ಮುಖದಲ್ಲೇ ಗೊತ್ತಾಗಿರಬೇಕು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನನ್ನ ಮೇಲಿನ ಸಿಟ್ಟೆಲ್ಲ ಅವನ ಮೇಲೆ ಹೋಯಿತು.

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯೇನೋ?" ಎಂದು ಕಿರುಚಿದೆ. "ಅಲ್ಲೇ ನಿಂತಿದ್ಯಲ್ಲೋ! ಅವರು ನಿನ್ನನ್ನೇ ಕೇಳಿದ್ರಲ್ಲೋ! ನಾನೇ ಅಂತ ಎರಡಕ್ಷರ ಬಾಯಿಂದ ಬಂದಿದ್ರೆ ಸಾಕಿತ್ತಲ್ಲೋ! ಯಾಕೋ ಹೇಳ್ಲಿಲ್ಲ?"

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಹೇಳೋಣ ಅಂತ್ಲೇ ಇದ್ದೆ," ಎಂದ. "ನೀನು ನೋಡ್ತಾ ಇದ್ಯಲ್ಲಮ್ಮ. ಒಂದ್ಸಲ ಅಲ್ಲ, ಮೂರು ಸಲ ನೋಡ್ದೆ. ಈಗ ನನ್ನ ಮಗ ಅಂತೀಯ, ಈಗ ಅಂತೀಯ ಅಂತ ಕಾಯ್ತಾ ನಿಂತಿದ್ದೆ."

ಹಾಗೆಂದು ಹೇಳಿ ಹೊರಗೆ ಹೋದ. ಅವನಪ್ಪ ಲಾರಿಯ ಕೆಳಗೆ ಮಲಗಿಕೊಂಡು ಏನೋ ಬಿಚ್ಚುತ್ತಿದ್ದ, ಇವನೂ ಹೋಗಿ ಪಕ್ಕದಲ್ಲಿ ಕೂತ. ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಮಾತಾಡುತ್ತಿದ್ದರೋ ಇಲ್ಲವೋ, ನನಗೆ ಕೇಳಿಸಲಿಲ್ಲ. ಹೋಗಿ ಅವನ ಪಕ್ಕ ಕೂತು ಏನು ಹೇಳಬೇಕೆಂದು ಆವತ್ತೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.